ಮನಸ್ಸಲ್ಲಿರೋದನ್ನ ಓದೋ ಮಷಿನ್ ನಿಜವಾಗ್ಲೂ ಬಂತಾ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

2025ರ ಕೊನೇ ಆರು ತಿಂಗಳಲ್ಲಿ ಮೆದುಳಿನ ಬಗ್ಗೆ ಬಂದ ಸುದ್ದಿಗಳನ್ನ ಓದಿ ತಲೆ ಕೆಟ್ಟಿದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು, ಬಾಯಿ ಬಿಡದೆ ಮನಸ್ಸಲ್ಲೇ ಅಂದ್ಕೊಂಡ ವಾಕ್ಯನ ಕಂಪ್ಯೂಟರ್ ಸ್ಕ್ರೀನ್ ಮೇಲೆ ತಂದಿದೀವಿ ಅಂದ್ರು. ಸೆಪ್ಟೆಂಬರ್‌ನಲ್ಲಿ ಮೆಟಾ ಕಂಪನಿ ಮಣಿಕಟ್ಟಿಗೆ ಕಟ್ಕೊಳ್ಳೋ ಒಂದು ಪಟ್ಟಿನ ಮಾರ್ಕೆಟ್‌ಗೆ ಬಿಡ್ತು, ನರದ ಮೂಲಕ ಸ್ನಾಯುಗಳಿಗೆ ಹೋಗೋ ಆರ್ಡರ್‌ನ ಅಲ್ಲೇ ಹಿಡಿದು ಸ್ಮಾರ್ಟ್ ಕನ್ನಡಕಕ್ಕೆ ಕಳಿಸೋ ಸಾಧನ ಅದು. ನವೆಂಬರ್‌ನಲ್ಲಿ ಯುನೆಸ್ಕೋ ಸದಸ್ಯ ದೇಶಗಳು ನ್ಯೂರೋಟೆಕ್ನಾಲಜಿ, ಅಂದ್ರೆ ಮೆದುಳು ನರಗಳ ಜೊತೆ ಕೆಲಸ ಮಾಡೋ ತಂತ್ರಜ್ಞಾನ, ಹೇಗಿರಬೇಕು ಹೇಗಿರಬಾರದು ಅಂತ ಒಂದು ಶಿಫಾರಸು ಒಪ್ಕೊಂಡ್ವು. ಒಂದು ಕಡೆ 'ಇನ್ನು ಮನಸ್ಸಲ್ಲೂ ಗುಟ್ಟು ಉಳಿಯಲ್ಲ' ಅನ್ನೋರು, ಇನ್ನೊಂದು ಕಡೆ 'ಇದೆಲ್ಲ ಸೈನ್ಸ್ ಫಿಕ್ಷನ್, ಸುಮ್ನೆ ಇರಿ' ಅನ್ನೋರು. ಓದೋರು ಯಾರನ್ನ ನಂಬಬೇಕು?

ಎರಡೂ ಕಡೆಯವರು ಒಂದೇ ಕಲ್ಪನೆ ಇಟ್ಕೊಂಡು ಮಾತಾಡ್ತಿದಾರೆ ಅನ್ಸುತ್ತೆ, ಅದು ಕಥೆಗಳಲ್ಲಿ ಬರೋ ಮಷಿನ್: ಒಬ್ಬನನ್ನ ಕುರ್ಚಿಗೆ ಕಟ್ಟಿ ತಲೆಗೆ ಟೋಪಿ ಹಾಕಿದ್ರೆ ಅವನ ಯೋಚನೆ ಎಲ್ಲ ಹೊರಗೆ ಬರುತ್ತೆ ಅನ್ನೋದು. ಅಂಥ ಮಷಿನ್ ಇಲ್ಲ, ಹತ್ತಿರದಲ್ಲೂ ಇಲ್ಲ. ಆದ್ರೆ ಅದು ಇಲ್ಲ ಅಂತ ನೆಮ್ಮದಿಯಾಗಿ ಇದ್ದುಬಿಟ್ರೆ, ಸದ್ದಿಲ್ಲದೆ ಬರ್ತಿರೋ ಇನ್ನೊಂದು ಕಣ್ಣಿಗೆ ಬೀಳಲ್ಲ. ಅದೇನು ಅಂತ ನೋಡೋಕೆ ಮುಂಚೆ ಲ್ಯಾಬ್‌ನಲ್ಲಿ ಆಗಿದ್ದೇನು ಅಂತ ತಿಳ್ಕೊಬೇಕು.

ಲ್ಯಾಬ್‌ನಲ್ಲಿ ಆಗಿದ್ದೇನು

ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಇದ್ದಿದ್ದು ನಾಲ್ಕೇ ಜನ. ಎಎಲ್‌ಎಸ್ ಅನ್ನೋ ನರರೋಗದಿಂದ ಅಥವಾ ಸ್ಟ್ರೋಕ್‌ನಿಂದ ಮಾತು ಕಷ್ಟ ಆಗಿರೋರು. ಬಾಯಿ ನಾಲಿಗೆ ಅಲ್ಲಾಡಿಸೋಕೆ ಆರ್ಡರ್ ಕೊಡೋ ಮೆದುಳಿನ ಭಾಗದಲ್ಲಿ ಆಪರೇಷನ್ ಮಾಡಿ ಪುಟ್ಟ ಎಲೆಕ್ಟ್ರೋಡ್‌ಗಳನ್ನ ಇಟ್ಟಿದ್ರು. ಇಂಥ ಸಾಧನಗಳು ಮೊದ್ಲಿಂದಾನೂ ಇವೆ, ಆದ್ರೆ ಅವು ಕೆಲಸ ಮಾಡಬೇಕಾದ್ರೆ ರೋಗಿ ಮಾತಾಡೋಕೆ ಪ್ರಯತ್ನ ಪಡಬೇಕಿತ್ತು, ಅದು ತುಂಬ ಸುಸ್ತಾಗೋ ಕೆಲಸ, ಅದಕ್ಕೇ ಈ ಸಲ ಪ್ರಯತ್ನನೇ ಬೇಡ, ಮನಸ್ಸಲ್ಲಿ ಅಂದ್ಕೊಳ್ಳಿ ಸಾಕು ಅಂದ್ರು. 1,25,000 ಪದಗಳ ನಿಘಂಟಿಂದ ವಾಕ್ಯ ಹಿಡಿಯೋದ್ರಲ್ಲಿ ಅತ್ಯುತ್ತಮ ಅಂದ್ರೆ ಶೇ. 74ರಷ್ಟು ಸರಿ ಬಂತು.

ಇಲ್ಲಿವರೆಗೂ ಸಂತೋಷದ ಸುದ್ದಿನೇ. ಗಮನಿಸಬೇಕಾದ್ದು ಅದೇ ಪ್ರಯೋಗದ ಇನ್ನೊಂದು ತುಣುಕನ್ನ. ಸ್ಕ್ರೀನ್ ಮೇಲೆ ಬೇರೆ ಬೇರೆ ಆಕಾರ, ಬಣ್ಣ ತೋರಿಸಿ, ಅದರಲ್ಲಿ ಗುಲಾಬಿ ಬಣ್ಣದ ವೃತ್ತ ಎಷ್ಟಿದೆ ಎಣಿಸಿ ಅಂದ್ರು. ಮನಸ್ಸಲ್ಲಿ ಮಾತಾಡಿ ಅಂತ ಯಾರೂ ಹೇಳಿರಲಿಲ್ಲ. ಆದ್ರೂ ಅವರು ಒಳಗೊಳಗೇ ಒಂದು, ಎರಡು, ಮೂರು ಅಂತ ಎಣಿಸ್ತಿದ್ದಿದ್ದರ ಸುಳಿವು ಡಿಕೋಡರ್‌ಗೆ, ಅಂದ್ರೆ ಮೆದುಳಿನ ಸಿಗ್ನಲ್‌ನ ಪದಗಳಾಗಿ ಬಿಡಿಸೋ ಸಾಫ್ಟ್‌ವೇರ್‌ಗೆ, ಸಿಕ್ತು. ಕಾರಣ ಸರಳ: ಮಾತಾಡೋ ಪ್ರಯತ್ನಕ್ಕೂ ಮನಸ್ಸಲ್ಲಿ ಅಂದ್ಕೊಳ್ಳೋದಕ್ಕೂ ಮೆದುಳಿನ ಆ ಜಾಗದಲ್ಲಿ ಹೆಚ್ಚುಕಮ್ಮಿ ಒಂದೇ ಥರದ ಪ್ಯಾಟರ್ನ್ ಬರುತ್ತೆ, ಎರಡನೇದು ಸ್ವಲ್ಪ ಮಂದ ಅಷ್ಟೇ. ಅಂದ್ರೆ ಹೇಳಬೇಕು ಅಂದ್ಕೊಂಡಿದ್ದು, ಹೇಳದೇ ಇಟ್ಕೊಂಡಿದ್ದು, ಇವೆರಡರ ಮಧ್ಯೆ ಮೆದುಳೇ ಗಟ್ಟಿಯಾದ ಬೇಲಿ ಹಾಕಿಲ್ಲ. ಬೇಲಿ ಬೇಕು ಅಂದ್ರೆ ಮಷಿನ್ ಕಡೆಯಿಂದಾನೇ ಹಾಕಬೇಕು.

ಇದಕ್ಕೆ ಎರಡು ವರ್ಷ ಮುಂಚೆ, 2023ರಲ್ಲಿ, ಟೆಕ್ಸಾಸ್ ಯೂನಿವರ್ಸಿಟಿಯವರು ಆಪರೇಷನ್ ಇಲ್ಲದೆ, ಮೆದುಳಿನ ರಕ್ತದ ಹರಿವು ನೋಡೋ ಎಫ್ಎಂಆರ್‌ಐ ಸ್ಕ್ಯಾನರ್‌ನಲ್ಲಿ ಜನರನ್ನ ಮಲಗಿಸಿ ಕಥೆ ಕೇಳಿಸಿ, ಅವರ ತಲೇಲಿ ಓಡ್ತಿರೋ ಅರ್ಥ ಏನು ಅಂತ ಹಿಡಿಯೋಕೆ ನೋಡಿದ್ರು. ಕಥೆಯಲ್ಲಿ 'ನನಗೆ ಇನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ' ಅಂತ ಬಂದಾಗ ಡಿಕೋಡರ್ ಕೊಟ್ಟಿದ್ದು, 'ಅವಳು ಇನ್ನೂ ಡ್ರೈವಿಂಗ್ ಕಲಿಯೋಕೇ ಶುರು ಮಾಡಿಲ್ಲ' ಅನ್ನೋ ಅರ್ಥದ ವಾಕ್ಯ. ಪದ ತಪ್ಪು, ವಿಷಯ ಬಹುತೇಕ ಸರಿ. ಆದ್ರೆ ಅದಕ್ಕೆ ಪ್ರತಿಯೊಬ್ಬರೂ ಸ್ಕ್ಯಾನರ್ ಒಳಗೆ ಸುಮಾರು 16 ಗಂಟೆ ಟ್ರೇನಿಂಗ್ ಕೊಡಬೇಕಾಯ್ತು. ಒಬ್ಬರ ಮೇಲೆ ಟ್ರೇನ್ ಮಾಡಿದ್ದು ಇನ್ನೊಬ್ಬರಿಗೆ ಕೆಲಸ ಮಾಡ್ಲಿಲ್ಲ. ಇನ್ನೂ ಮುಖ್ಯವಾದ್ದು, ಆ ವ್ಯಕ್ತಿ ಬೇಕಂತಲೇ ಪ್ರಾಣಿಗಳ ಹೆಸರು ನೆನೆಸ್ಕೊಂಡ್ರೆ ಅಥವಾ ಬೇರೆ ಏನೋ ಕಥೆ ಹೇಳ್ಕೊಂಡ್ರೆ ಡಿಕೋಡರ್ ಸೋತುಹೋಯ್ತು.

ಹಾಗಾಗಿ ಇವತ್ತಿನ ಸ್ಥಿತಿಲಿ ಒಬ್ಬರ ಇಷ್ಟಕ್ಕೆ ವಿರುದ್ಧವಾಗಿ ಯೋಚನೆ ಓದೋಕೆ ಮೂರು ಅಡ್ಡಿ ಇವೆ. ಕೋಣೆ ತುಂಬೋ ಮಷಿನ್ ಅಥವಾ ತಲೆಬುರುಡೆ ತೆರೆಯೋ ಆಪರೇಷನ್ ಬೇಕು, ಒಬ್ಬೊಬ್ಬರಿಗೂ ಬೇರೆ ಟ್ರೇನಿಂಗ್ ಬೇಕು, ಆ ವ್ಯಕ್ತಿಯ ಸಹಕಾರ ಬೇಕು. 'ಸೈನ್ಸ್ ಫಿಕ್ಷನ್' ಅನ್ನೋರು ಹೇಳೋದು ಇದನ್ನೇ, ಇಷ್ಟರ ಮಟ್ಟಿಗೆ ಅವರ ಮಾತು ಸರಿ.

ವಾಕ್ಯ ಬೇಡ, ಸುಳಿವು ಸಾಕು

ಈಗ ಅಂಗಡೀಲಿ ಸಿಗೋ ಸಾಧನಗಳ ಕಡೆ ಬನ್ನಿ. ಹಣೆಗೆ ಕಟ್ಕೊಳ್ಳೋ ಇಇಜಿ ಪಟ್ಟಿ (ಮೆದುಳಿನ ವಿದ್ಯುತ್ ಅಲೆಗಳನ್ನ ತಲೆ ಹೊರಗಿಂದ ಅಳೆಯೋದು), ಧ್ಯಾನಕ್ಕೆ ನಿದ್ದೆಗೆ ಅಂತ ಮಾರೋ ಹೆಡ್‌ಸೆಟ್, ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕ, ಮಣಿಕಟ್ಟಿನ ಪಟ್ಟಿ. ಇವು ಯಾವುದೂ ನಿಮ್ಮ ಮನಸ್ಸಿನ ಒಂದು ವಾಕ್ಯಾನೂ ಓದಲ್ಲ. ತಲೆಬುರುಡೆ ಹೊರಗಡೆಯಿಂದ ಹಿಡಿಯೋ ಸಿಗ್ನಲ್ ತುಂಬ ಗಲೀಜಾಗಿರುತ್ತೆ, ಕಣ್ಣು ಮಿಟುಕಿಸಿದ್ರೂ ಹಲ್ಲು ಕಚ್ಚಿದ್ರೂ ಅದರಲ್ಲಿ ಸೇರ್ಕೊಳ್ಳುತ್ತೆ.

ಆದ್ರೆ ಗೌಪ್ಯತೆ ಹೋಗೋಕೆ ವಾಕ್ಯ ಬೇಕಾಗೇ ಇಲ್ಲ. 2012ರಲ್ಲಿ ಕೆಲವು ಸಂಶೋಧಕರು ಗೇಮ್ ಆಡೋಕೆ ಅಂತ ಮಾರ್ತಿದ್ದ ಸಾಮಾನ್ಯ ಇಇಜಿ ಹೆಡ್‌ಸೆಟ್ ತಗೊಂಡು ಒಂದು ಪ್ರಯೋಗ ಮಾಡಿದ್ರು. ನಮಗೆ ಗೊತ್ತಿರೋ ಅಥವಾ ನಮಗೆ ಮುಖ್ಯವಾದ ಏನೋ ಒಂದು ತಟ್ಟನೆ ಕಣ್ಣಿಗೆ ಬಿದ್ರೆ, ಸುಮಾರು 300 ಮಿಲಿಸೆಕೆಂಡ್ ಆದ್ಮೇಲೆ ಮೆದುಳಲ್ಲಿ ಒಂದು ಸಣ್ಣ ಅಲೆ ಏಳುತ್ತೆ, ಪಿ300 ಅಂತಾರೆ ಅದನ್ನ, ನಾವು ಬೇಕು ಅಂದ್ರೂ ಬೇಡ ಅಂದ್ರೂ ಅದು ಏಳುತ್ತೆ. ಸಂಶೋಧಕರು ಹೆಡ್‌ಸೆಟ್ ಹಾಕಿದವರ ಮುಂದೆ ಅಂಕಿಗಳು, ಬ್ಯಾಂಕ್‌ಗಳ ಗುರುತು, ಮುಖಗಳು, ಮ್ಯಾಪ್ ಹೀಗೆ ಚಿತ್ರಗಳನ್ನ ಸರಸರ ಅಂತ ತೋರಿಸ್ತಾ ಹೋದ್ರು, ಯಾವುದಕ್ಕೆ ಅಲೆ ಎದ್ದಿತು ಅಂತ ಲೆಕ್ಕ ಹಾಕಿದ್ರು. ಪಿನ್‌ನ ಅಂಕಿ, ಬ್ಯಾಂಕ್ ಯಾವುದು, ಹುಟ್ಟಿದ ತಿಂಗಳು, ಮನೆ ಯಾವ ಏರಿಯಾದಲ್ಲಿ ಅನ್ನೋದನ್ನೆಲ್ಲ ಪೂರ್ತಿ ಕಂಡುಹಿಡಿಯೋಕೆ ಆಗ್ಲಿಲ್ಲ, ಆದ್ರೆ ಸುಮ್ನೆ ಊಹೆ ಮಾಡೋದಕ್ಕೆ ಹೋಲಿಸಿದ್ರೆ ಅನಿಶ್ಚಿತತೆ ಶೇ. 15ರಿಂದ 40ರಷ್ಟು ಕಮ್ಮಿ ಆಯ್ತು. ಕಳ್ಳನಿಗೆ ಅದು ಸಣ್ಣ ಸಹಾಯ ಅಲ್ಲ, ಅದೂ ಹತ್ತು ವರ್ಷಕ್ಕಿಂತ ಹಳೇ ಹೆಡ್‌ಸೆಟ್‌ನಲ್ಲಿ.

ಮೆದುಳೇ ಬೇಕು ಅಂತಾನೂ ಇಲ್ಲ. 2023ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಸಂಶೋಧಕರು ಒಂದು ವಿಆರ್ ಗೇಮ್ ಆಡಿದ 55,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈ ಚಲನೆ ಡೇಟಾ ತಗೊಂಡು, ಬರೀ 100 ಸೆಕೆಂಡ್ ಚಲನೆಯಿಂದ ಇವರು ಇಂಥವರೇ ಅಂತ ಶೇ. 94ರಷ್ಟು ಸಲ ಸರಿಯಾಗಿ ಗುರುತು ಹಿಡಿದ್ರು. ಮುಖ ಇಲ್ಲ, ದನಿ ಇಲ್ಲ, ಹೆಸರಿಲ್ಲ, ಕೈ ಬೀಸಿದ ರೀತಿ ಅಷ್ಟೇ. 'ಡೇಟಾನ ಅನಾಮಧೇಯ ಮಾಡಿ ಇಡ್ತೀವಿ' ಅಂತ ಕಂಪನಿಗಳು ಹೇಳೋ ಮಾತಿಗೆ ಇದಾದ್ಮೇಲೆ ಎಷ್ಟು ಬೆಲೆ ಕೊಡೋದು?

ನನ್ನ ಪ್ರಕಾರ ಈ ಇಡೀ ಚರ್ಚೆಯ ಗಂಟು ಇರೋದು ಇಲ್ಲೇ. ಅಪಾಯದ ಜಾಗ ಸೆನ್ಸರ್ ಅಲ್ಲ, ಸೆನ್ಸರ್ ಕೊಟ್ಟಿದ್ದರ ಮೇಲೆ ನಡೆಯೋ ಊಹೆ. ಸಿಗ್ನಲ್ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದರಿಂದ ಒಬ್ಬರ ಬಗ್ಗೆ ಏನು ತೀರ್ಮಾನ ಮಾಡಿದ್ರು, ಆ ತೀರ್ಮಾನ ಯಾರ ಕೈಗೆ ಹೋಯ್ತು ಅನ್ನೋದು ದೊಡ್ಡದು.

ತಪ್ಪು ಅಳತೆ ಆದ್ರೂ ತೀರ್ಪು ತೀರ್ಪೇ

2019ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರೈಮರಿ ಸ್ಕೂಲ್‌ನ ವಿಡಿಯೋ ಹೊರಗೆ ಬಂತು. ಮಕ್ಕಳು ಹಣೆಗೆ ಇಇಜಿ ಪಟ್ಟಿ ಕಟ್ಕೊಂಡು ಪಾಠ ಕೇಳ್ತಾ ಕೂತಿದಾರೆ. ಪಟ್ಟಿ ಮುಂದೆ ಒಂದು ಪುಟ್ಟ ಲೈಟ್: ಗಮನ ಇಟ್ಟು ಕೇಳ್ತಿದ್ರೆ ಕೆಂಪು, ಗಮನ ಎಲ್ಲೋ ಹೋದ್ರೆ ನೀಲಿ. ಟೀಚರ್ ಕಂಪ್ಯೂಟರ್‌ಗೆ ಪ್ರತಿ ಮಗುವಿನ ರಿಪೋರ್ಟ್, ಅಪ್ಪ ಅಮ್ಮಂಗೂ ರಿಪೋರ್ಟ್. ಜನ ಸಿಟ್ಟಾದ್ಮೇಲೆ ಅಲ್ಲಿನ ಶಿಕ್ಷಣ ಇಲಾಖೆ ನಿಲ್ಲಿಸ್ತು.

ಈ ಪಟ್ಟಿ 'ಗಮನ'ನ ಸರಿಯಾಗಿ ಅಳೀತಿತ್ತಾ ಅಂತ ತಜ್ಞರು ಆಗಲೇ ಅನುಮಾನ ಪಟ್ಟಿದ್ರು, ಆ ಅನುಮಾನ ನ್ಯಾಯವಾದ್ದೇ. ಆದ್ರೆ ಆ ಕ್ಲಾಸ್‌ರೂಮ್‌ನಲ್ಲಿ ಕೂತ ಮಗುವಿಗೆ ಆ ಪ್ರಶ್ನೆಯಿಂದ ಏನೂ ಉಪಯೋಗ ಇಲ್ಲ. ನೀಲಿ ಲೈಟ್ ಬಂದ್ರೆ ಪಕ್ಕದವರು ನೋಡ್ತಾರೆ, ಟೀಚರ್ ನೋಡ್ತಾರೆ, ಮನೇಲಿ ಬೈತಾರೆ, 'ಇಲ್ಲ, ನಾನು ಕೇಳ್ತಿದ್ದೆ' ಅಂತ ಮಗು ಹೇಳಿದ್ರೆ ಅದರ ಮಾತಿಗಿಂತ ಲೈಟ್‌ನ ಮಾತೇ ಹೆಚ್ಚು ನಂಬಿಕೆಗೆ ಅರ್ಹ ಆಗಿಬಿಡುತ್ತೆ. ಕಿಟಕಿ ಆಚೆ ನೋಡ್ತಾ ಒಂದು ಲೆಕ್ಕನ ತಲೇಲಿ ಬಿಡಿಸ್ತಿರೋ ಮಗುವಿಗೂ ಶಿಕ್ಷೆ, ಸುಮ್ನೆ ಬೋರ್ಡ್ ದಿಟ್ಟಿಸೋ ಮಗುವಿಗೆ ಶಹಬ್ಬಾಸ್. ಹೀಗೆ ಬೆಳೆದ ಮಕ್ಕಳು ಕಲಿಯೋದು ಪಾಠನಾ, ಲೈಟ್ ಕೆಂಪಗಿಟ್ಕೊಳ್ಳೋದನ್ನಾ?

ಇದೇ ಸರಪಳಿ ಆಫೀಸಿಗೂ ಬರುತ್ತೆ. ಮೊದಲು ಲಾರಿ ಡ್ರೈವರ್ ತೂಕಡಿಸದೇ ಇರಲಿ ಅಂತ ಸೇಫ್ಟಿಗೆ ಹಾಕ್ತಾರೆ, ಅದು ಒಳ್ಳೇದೇ, ಜೀವ ಉಳಿಸುತ್ತೆ. ಆಮೇಲೆ ಅದೇ ಪಟ್ಟಿಯ ಅದೇ ಡೇಟಾ ಇಂದ ಯಾರು ಎಷ್ಟು ಗಮನ ಕೊಟ್ಟು ಕೆಲಸ ಮಾಡಿದ್ರು ಅಂತ ಸ್ಕೋರ್ ತೆಗೀಬಹುದು ಅಂತ ಯಾರಿಗೋ ಹೊಳೆಯುತ್ತೆ. ಸಾಧನ ಬದಲಾಗಿಲ್ಲ, ಉದ್ದೇಶ ಬದಲಾಯ್ತು, ಹಾಕ್ಕೊಂಡವರಿಗೆ ಅದು ಗೊತ್ತೂ ಆಗಲ್ಲ.

ಡೇಟಾಗೆ ವಯಸ್ಸಾಗಲ್ಲ

ಇನ್ನೊಂದು ವಿಷಯ ಬಹಳ ಜನ ಲೆಕ್ಕಕ್ಕೆ ತಗೊಳ್ಳಲ್ಲ, ಅದು ಕಾಲ. ಇವತ್ತು ನಿದ್ದೆ ಅಳೆಯೋಕೆ ಕೊಟ್ಟ ಕಚ್ಚಾ ಇಇಜಿ ಡೇಟಾ ಇವತ್ತಿನ ಸಾಫ್ಟ್‌ವೇರ್‌ಗೆ ಬರೀ ನಿದ್ದೆ ಬಗ್ಗೆ ಹೇಳಬಹುದು. ಅದೇ ಫೈಲ್‌ನ ಹತ್ತು ವರ್ಷ ಆದ್ಮೇಲೆ ಹೊಸ ಎಐ ಮಾಡೆಲ್‌ಗೆ ಕೊಟ್ರೆ ಮೂರ್ಛೆ ರೋಗದ ಲಕ್ಷಣನೋ, ಖಿನ್ನತೆಯ ಸುಳಿವೋ, ಇನ್ನೇನೋ ಹುಡುಕಬಹುದು. ಪಾಸ್‌ವರ್ಡ್ ಕಳುವಾದ್ರೆ ಬದಲಾಯಿಸ್ಬಹುದು, ಮೆದುಳಿನ ಪ್ಯಾಟರ್ನ್ ಬದಲಾಯಿಸೋಕೆ ಆಗಲ್ಲ.

ನ್ಯೂರೋರೈಟ್ಸ್ ಫೌಂಡೇಶನ್ ಅನ್ನೋ ಸಂಸ್ಥೆ 2024ರಲ್ಲಿ ಇಂಥ ಸಾಧನ ಮಾರೋ 30 ಕಂಪನಿಗಳ ಪ್ರೈವೆಸಿ ಪಾಲಿಸಿ ಕೂತು ಓದ್ತು. ಅವುಗಳಲ್ಲಿ 29 ಕಂಪನಿಗಳಿಗೆ ಗ್ರಾಹಕರ ನ್ಯೂರಲ್ ಡೇಟಾ, ಅಂದ್ರೆ ಮೆದುಳು ನರಗಳಿಂದ ಹಿಡಿದ ಮಾಹಿತಿ, ಸಿಗೋ ಹಾಗಿತ್ತು, ಅದಕ್ಕೆ ಅರ್ಥಪೂರ್ಣ ಮಿತಿ ಏನೂ ಕಾಣಿಸಲಿಲ್ಲ. ಪಾಲಿಸಿಗಳ ಭಾಷೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಹಂಚ್ಕೊಳ್ತೀವಿ ಅಂತಾನೂ ಇಲ್ಲ, ಹಂಚ್ಕೊಳ್ಳಲ್ಲ ಅಂತಾನೂ ಇಲ್ಲ.

ಕಂಪನಿ ಒಳ್ಳೇದೇ ಇರ್ಬಹುದು, ಆದ್ರೆ ಅದು ಮುಳುಗಿದ್ರೆ? ಡಿಎನ್ಎ ಟೆಸ್ಟ್ ಮಾಡ್ತಿದ್ದ 23ಆ್ಯಂಡ್‌ಮಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕ್ತು. ಸುಮಾರು ಒಂದೂವರೆ ಕೋಟಿ ಗ್ರಾಹಕರ ವಂಶವಾಹಿ ಮಾಹಿತಿ ಹರಾಜಿನ ಆಸ್ತಿ ಆಗಿ ಕೂತ್ಕೊಂಡಿತ್ತು, ಕೊನೆಗೆ ಕಂಪನಿಯ ಸಹ ಸ್ಥಾಪಕಿಯೇ ಮುನ್ನಡೆಸೋ ಒಂದು ಸಂಸ್ಥೆಗೆ ಹೋಯ್ತು. ಎಂಜಲು ತುಂಬಿದ ಟ್ಯೂಬ್ ಕಳಿಸೋವಾಗ ಇದು ಹರಾಜಿಗೆ ಬರುತ್ತೆ ಅಂತ ಆ ಜನ ಕನಸಲ್ಲೂ ಅಂದ್ಕೊಂಡಿರಲ್ಲ.

ಕಾನೂನು ಎಲ್ಲಿವರೆಗೆ ಬಂದಿದೆ

ಮೊದಲ ಹೆಜ್ಜೆ ಇಟ್ಟಿದ್ದು ಚಿಲಿ. 2021ರಲ್ಲಿ ಸಂವಿಧಾನ ತಿದ್ದುಪಡಿ ಮಾಡಿ ಮೆದುಳಿನ ಚಟುವಟಿಕೆಗೆ, ಅದರಿಂದ ಬರೋ ಮಾಹಿತಿಗೆ ರಕ್ಷಣೆ ಕೊಡ್ತು. ಅದರ ಹಿಂದೆ ಓಡಾಡಿದ್ದ ಸೆನೆಟರ್ ಗೀಡೋ ಜಿರಾರ್ದಿ ಆಮೇಲೆ ಇಮೋಟಿವ್ ಕಂಪನಿಯ ಇಇಜಿ ಸಾಧನ ತಗೊಂಡು ಬಳಸಿ ಕೋರ್ಟಿಗೆ ಹೋದ್ರು. ಕಂಪನಿ ವಾದ ಏನಿತ್ತು ಅಂದ್ರೆ, ಬಳಕೆದಾರರು ಷರತ್ತು ಒಪ್ಕೊಂಡಿದಾರೆ, ಡೇಟಾ ಅನಾಮಧೇಯ ಮಾಡಿದೀವಿ, ಇನ್ನೇನು ತೊಂದರೆ? 2023ರ ಆಗಸ್ಟ್‌ನಲ್ಲಿ ಚಿಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ, ಜಿರಾರ್ದಿ ಅವರ ಮೆದುಳಿನ ಡೇಟಾ ಡಿಲೀಟ್ ಮಾಡಿ ಅಂತ ಆದೇಶ ಕೊಡ್ತು. ಒಂದು ಉದ್ದೇಶಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೂ ಒಪ್ಪಿಗೆ ಅಲ್ಲ ಅನ್ನೋದು ಆ ತೀರ್ಪಿನ ತಿರುಳು.

ಅಮೆರಿಕದಲ್ಲಿ ರಾಜ್ಯ ರಾಜ್ಯಕ್ಕೂ ಬೇರೆ. 2024ರಲ್ಲಿ ಮೊದಲು ಕೊಲರಾಡೋ, ಆಮೇಲೆ ಕ್ಯಾಲಿಫೋರ್ನಿಯಾ, ಮುಂದಿನ ವರ್ಷ ಮೊಂಟಾನಾ, ಕನೆಕ್ಟಿಕಟ್ ಇವೆಲ್ಲ ನ್ಯೂರಲ್ ಡೇಟಾನ ಕಾನೂನಿಗೆ ಸೇರಿಸಿದ್ವು. ಕೇಳೋಕೆ ಚೆನ್ನಾಗಿದೆ, ಆದ್ರೆ ವ್ಯಾಖ್ಯಾನಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ತೂತು ಕಾಣ್ಸುತ್ತೆ. ಕ್ಯಾಲಿಫೋರ್ನಿಯಾ ಪ್ರಕಾರ ಮೆದುಳು ಬೆನ್ನುಹುರಿ ಜೊತೆಗೆ ಕೈಕಾಲಿನ ನರಗಳ ಡೇಟಾನೂ ನ್ಯೂರಲ್ ಡೇಟಾ. ಕನೆಕ್ಟಿಕಟ್‌ನಲ್ಲಿ ಮೆದುಳು ಬೆನ್ನುಹುರಿ ಅಷ್ಟೇ, ಹಾಗಾಗಿ ಮಣಿಕಟ್ಟಿನ ಪಟ್ಟಿ ಹಿಡಿಯೋ ಸಿಗ್ನಲ್ ಅಲ್ಲಿ ಆಚೆ ಉಳಿಯುತ್ತೆ. ಕೊಲರಾಡೋದಲ್ಲಿ ನ್ಯೂರಲ್ ಡೇಟಾನ ವ್ಯಕ್ತಿಯ ಗುರುತು ಹಿಡಿಯೋ ಉದ್ದೇಶಕ್ಕೆ ಬಳಸಿದ್ರೆ ಮಾತ್ರ ಆ ವಿಶೇಷ ರಕ್ಷಣೆ. ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಇನ್ನೊಂದು: ನರಕ್ಕೆ ಸಂಬಂಧ ಇಲ್ಲದ ಮಾಹಿತಿಯಿಂದ ಊಹೆ ಮಾಡಿದ್ದು ನ್ಯೂರಲ್ ಡೇಟಾ ಅಲ್ಲ ಅಂತ ಕಾನೂನಲ್ಲೇ ಬರೆದಿದೆ. ಅಂದ್ರೆ ಇಇಜಿ ಹಾಕಿ ನಿಮ್ಮ ಆಸಕ್ತಿ ಅಳೆದ್ರೆ ಈ ರಕ್ಷಣೆ ಇದೆ, ಕಣ್ಣಿನ ಪಾಪೆ ಹಿಗ್ಗೋದು ನೋಡಿ ಅದೇ ಆಸಕ್ತಿ ಅಳೆದ್ರೆ ಈ ರಕ್ಷಣೆ ಇಲ್ಲ. ಫಲಿತಾಂಶ ಒಂದೇ, ದಾರಿ ಬೇರೆ ಅಂತ ಕಾನೂನು ಕಣ್ಮುಚ್ಚಿದ್ರೆ ಕಂಪನಿಗಳು ಎರಡನೇ ದಾರೀಲಿ ಹೋಗ್ತವೆ ಅಷ್ಟೇ.

ಇದಕ್ಕೆ ಹೋಲಿಸಿದ್ರೆ ಯುರೋಪ್ ಹಿಡಿದ ದಾರಿ ನನಗೆ ಹೆಚ್ಚು ಸರಿ ಅನ್ಸುತ್ತೆ. ಅಲ್ಲಿನ ಎಐ ಕಾನೂನು 2025ರ ಫೆಬ್ರವರಿಯಿಂದ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ದೇಹದ ಡೇಟಾ ಇಂದ ಭಾವನೆ ಪತ್ತೆ ಹಚ್ಚೋ ಎಐನ ನಿಷೇಧ ಮಾಡಿದೆ, ವೈದ್ಯಕೀಯ ಮತ್ತು ಸುರಕ್ಷತೆ ಕಾರಣಕ್ಕೆ ಮಾತ್ರ ವಿನಾಯಿತಿ. ಸೆನ್ಸರ್ ಹಣೆ ಮೇಲಿತ್ತಾ ಕ್ಯಾಮೆರಾದಲ್ಲಿತ್ತಾ ಅನ್ನೋದಕ್ಕಿಂತ ಎಲ್ಲಿ, ಯಾರ ಮೇಲೆ, ಯಾವುದಕ್ಕೆ ಬಳಸಿದ್ರಿ ಅನ್ನೋದನ್ನ ಅದು ಮುಖ್ಯ ಮಾಡುತ್ತೆ. ಆದ್ರೂ ತಕರಾರಿಗೆ ಜಾಗ ಇದೆ, 'ಗಮನ' ಅನ್ನೋದು ಭಾವನೆನಾ ಅಲ್ವಾ ಅಂತ ಯಾರಾದ್ರೂ ಕೋರ್ಟಲ್ಲಿ ವಾದ ಮಾಡಬಹುದು.

ಭಾರತದ ಸುಪ್ರೀಂ ಕೋರ್ಟ್ ಈ ಸಾಲಿನ ಒಂದು ಪ್ರಶ್ನೆಗೆ 2010ರಲ್ಲೇ ಉತ್ತರ ಕೊಟ್ಟಿತ್ತು ಅನ್ನೋದು ತುಂಬ ಜನಕ್ಕೆ ನೆನಪಿಲ್ಲ. ಸೆಲ್ವಿ ಕೇಸ್‌ನಲ್ಲಿ, ಒಪ್ಪಿಗೆ ಇಲ್ಲದೆ ಯಾರ ಮೇಲೂ ನಾರ್ಕೋ ಅನಾಲಿಸಿಸ್ (ಮದ್ದು ಕೊಟ್ಟು ಮಾತಾಡಿಸೋದು), ಪಾಲಿಗ್ರಾಫ್ (ಸುಳ್ಳು ಪತ್ತೆ), ಬ್ರೈನ್ ಮ್ಯಾಪಿಂಗ್ (ಮೆದುಳಿನ ಅಲೆ ಅಳೆಯೋದು) ಪರೀಕ್ಷೆ ಮಾಡೋ ಹಾಗಿಲ್ಲ ಅಂತ ಹೇಳ್ತು, ಬಾಯಿ ಬಿಡದೆ ಕೂತಿದ್ರೂ ಒಳಗಿನಿಂದ ಹೇಳಿಕೆ ಎಳೆಯೋದು ಬಲವಂತನೇ ಅನ್ನೋ ನಿಲುವು. ಆದ್ರೆ ಅದು ಪೊಲೀಸ್ ತನಿಖೆ ವಿಷಯ. ಹೆಡ್‌ಸೆಟ್ ಮಾರೋ ಕಂಪನಿಗೋ ಕೆಲಸ ಕೊಟ್ಟ ಮಾಲೀಕನಿಗೋ ಅದು ನೇರವಾಗಿ ಅನ್ವಯ ಆಗಲ್ಲ.

ಎದುರು ವಾದನೂ ಕೇಳಬೇಕು

ಕಟ್ಟುನಿಟ್ಟು ಬೇಡ ಅನ್ನೋರೆಲ್ಲ ಕಂಪನಿ ಪರ ಅಂತಲ್ಲ. 2024ರಲ್ಲಿ ಅಮೆರಿಕದ ಯುಸಿ ಡೇವಿಸ್ ಯೂನಿವರ್ಸಿಟಿಯವರು, ಎಎಲ್‌ಎಸ್‌ನಿಂದ ಮಾತು ಕೈಬಿಟ್ಟಿದ್ದ ಒಬ್ಬರಿಗೆ ಮೆದುಳಲ್ಲಿ ಇಟ್ಟ ಇಂಪ್ಲಾಂಟ್ ಮೂಲಕ ಶೇ. 97ರಷ್ಟು ನಿಖರವಾಗಿ ಮಾತು ವಾಪಸ್ ಕೊಟ್ರು, ಅದೂ ಅವರ ಹಳೇ ದನಿಯ ಹಾಗೇ ಕೇಳೋ ದನಿಯಲ್ಲಿ. ಇಂಥವರಿಗೆ ಈ ತಂತ್ರಜ್ಞಾನ ಅಂದ್ರೆ ಮನೆಯವರ ಜೊತೆ ಮತ್ತೆ ಮಾತಾಡೋ ದಾರಿ. ನಿಯಮದ ಹೊರೆ ಜಾಸ್ತಿ ಆದ್ರೆ ಸಣ್ಣ ಲ್ಯಾಬ್‌ಗಳು ಕೈ ಚೆಲ್ತವೆ, ದುಡ್ಡಿರೋ ದೊಡ್ಡ ಕಂಪನಿಗಳೇ ಉಳೀತವೆ ಅಂತ ಸಂಶೋಧಕರು ಹೇಳೋದನ್ನ ತಳ್ಳಿಹಾಕೋ ಹಾಗಿಲ್ಲ. ಇನ್ನು ಕೆಲವು ಕಾನೂನು ಪಂಡಿತರು, ಹೊಸದಾಗಿ 'ನ್ಯೂರೋ ಹಕ್ಕು' ಅಂತ ಹುಟ್ಟುಹಾಕೋದೇ ಬೇಡ, ಇರೋ ಖಾಸಗಿತನದ ಹಕ್ಕು, ಯೋಚನಾ ಸ್ವಾತಂತ್ರ್ಯದ ಹಕ್ಕು ಇವನ್ನೇ ಸರಿಯಾಗಿ ಜಾರಿ ಮಾಡಿ ಸಾಕು, ಹಕ್ಕುಗಳ ಪಟ್ಟಿ ಉದ್ದ ಆದಷ್ಟೂ ಒಂದೊಂದರ ತೂಕ ಕಮ್ಮಿ ಆಗುತ್ತೆ ಅಂತಾರೆ.

ಆದ್ರೆ ರೋಗಿಯ ಅನುಕೂಲ ಮತ್ತು ಗೌಪ್ಯತೆ ಎದುರುಬದುರು ನಿಂತಿವೆ ಅನ್ನೋದನ್ನ ನಾನು ಒಪ್ಪಲ್ಲ. ಮೊದಲು ಹೇಳಿದ ಸ್ಟ್ಯಾನ್‌ಫರ್ಡ್ ತಂಡನೇ ಅದಕ್ಕೆ ಸಾಕ್ಷಿ. ಬೇಡದ ಒಳಮಾತು ಸೋರುತ್ತೆ ಅಂತ ಗೊತ್ತಾದ ತಕ್ಷಣ ಅವರೇ ಎರಡು ಬೀಗ ಮಾಡಿದ್ರು. ಒಂದು, ಮಾತಾಡೋ ಪ್ರಯತ್ನನ ಮಾತ್ರ ತಗೊಂಡು ಒಳಮಾತನ್ನ ಬಿಟ್ಟುಬಿಡೋ ಹಾಗೆ ಡಿಕೋಡರ್‌ಗೆ ಟ್ರೇನಿಂಗ್. ಇನ್ನೊಂದು, ದಿನನಿತ್ಯ ಯಾರ ತಲೇಲೂ ಸುಮ್ನೆ ಬರದ ಒಂದು ವಿಚಿತ್ರ ಪದಗುಚ್ಛನ ಮನಸ್ಸಲ್ಲಿ ಅಂದ್ಕೊಂಡಾಗ ಮಾತ್ರ ಸಾಧನ ಎಚ್ಚರ ಆಗೋದು, ಅದನ್ನ ಶೇ. 98ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸ್ತು. ಗೌಪ್ಯತೆ ಇಟ್ಟಿದ್ದಕ್ಕೆ ಸಾಧನ ನಿಂತು ಹೋಗಲಿಲ್ಲ.

ಮಾರ್ಕೆಟ್‌ನಲ್ಲಿರೋ ಸಾಧನಗಳಿಗೂ ಇದೇ ಥರ ಕೇಳೋಕೆ ಏನಡ್ಡಿ? ಕಚ್ಚಾ ಸಿಗ್ನಲ್ ಸಾಧನದ ಒಳಗೇ ಪ್ರೊಸೆಸ್ ಆಗಿ, 'ಬಟನ್ ಒತ್ತಿ' 'ಪುಟ ತಿರುಗಿಸಿ' ಅನ್ನೋ ಕಮಾಂಡ್ ಅಷ್ಟೇ ಆಚೆ ಹೋಗಿ, ಕಚ್ಚಾದ್ದು ಅಲ್ಲೇ ಅಳಿಸಿ ಹೋಗೋದು ತಾಂತ್ರಿಕವಾಗಿ ಸಾಧ್ಯ ಇರೋ ವಿಷಯ. ಕ್ಲೌಡ್‌ಗೆ ಕಳಿಸೋದು ಬಹಳ ಸಲ ಗ್ರಾಹಕರ ಅಗತ್ಯಕ್ಕಿಂತ ಕಂಪನಿಯ ಅಗತ್ಯ, ಮುಂದಿನ ಮಾಡೆಲ್ ಟ್ರೇನ್ ಮಾಡೋಕೆ ಡೇಟಾ ಬೇಕಲ್ಲ. ಹಾಗಾಗಿ ಇಂಥ ಸಾಧನ ತಗೊಳ್ಳೋರು ಮೊದಲು ನೋಡಬೇಕಾದ್ದು ಇಂಟರ್ನೆಟ್ ಆಫ್ ಮಾಡಿದ್ರೂ ಇದು ಕೆಲಸ ಮಾಡುತ್ತಾ ಅಂತ. ಕೆಲಸದ ಜಾಗದಲ್ಲಿ ಕೊಟ್ರೆ ಕೇಳಬೇಕಾದ್ದು, ಹಾಕ್ಕೊಳ್ಳಲ್ಲ ಅಂದ್ರೆ ಏನಾಗುತ್ತೆ ಅಂತ, ಯಾಕಂದ್ರೆ ಸಂಬಳ ಕೊಡೋರು ಕೇಳಿದಾಗ ಹಾಕಿದ ಸಹಿ ನಿಜವಾದ ಒಪ್ಪಿಗೆ ಆಗೋದು ಅಪರೂಪ.

ಡಿಲೀಟ್ ಅಂದ್ರೆ ಎಷ್ಟು ಡಿಲೀಟ್

ಮುಂದೆ ದೊಡ್ಡ ಜಗಳ ಆಗೋದು ಇನ್ನೊಂದು ವಿಷಯಕ್ಕೆ ಅನ್ಸುತ್ತೆ. ಚಿಲಿ ಕೋರ್ಟ್ ಡೇಟಾ ಅಳಿಸಿ ಅಂದಿತು. ಅಳಿಸೋಕೆ ಮುಂಚೆ ಆ ಥರದ ಡೇಟಾ ಇಂದ ಒಂದು ಮಾಡೆಲ್ ಕಲಿತುಬಿಟ್ಟಿದ್ರೆ? ಫೈಲ್ ಹೋಗುತ್ತೆ, ಕಲಿತಿದ್ದು ಉಳಿಯುತ್ತೆ, ಅದರಿಂದ ದುಡ್ಡೂ ಬರ್ತಾ ಇರುತ್ತೆ. ಇದಕ್ಕೆ ಒಂದು ಮುಂಚಿನ ಉದಾಹರಣೆ ಇದೆ: 2021ರಲ್ಲಿ ಗ್ರಾಹಕರ ಹಿತ ಕಾಯೋ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ಫೋಟೋ ಆ್ಯಪ್ ಕಂಪನಿಗೆ, ಗ್ರಾಹಕರನ್ನ ದಾರಿ ತಪ್ಪಿಸಿ ತಗೊಂಡ ಫೋಟೋಗಳ ಜೊತೆಗೆ ಆ ಫೋಟೋಗಳಿಂದ ಕಟ್ಟಿದ ಮುಖ ಗುರುತಿಸೋ ಮಾಡೆಲ್‌ಗಳನ್ನೂ ಅಳಿಸಿ ಅಂತ ಹೇಳ್ತು. ಮೆದುಳಿನ ಡೇಟಾಗೂ ಇದೇ ಅಳತೆ ಹಾಕಿದ್ರೆ ಕಂಪನಿಗಳು ಒಪ್ಪಿಗೆ ಇಲ್ಲದ ಡೇಟಾ ಮುಟ್ಟೋಕೆ ಮುಂಚೆ ನಾಲ್ಕು ಸಲ ಯೋಚನೆ ಮಾಡ್ತವೆ, ಯಾಕಂದ್ರೆ ಸಿಕ್ಕಿಬಿದ್ರೆ ಹೋಗೋದು ದಂಡ ಅಷ್ಟೇ ಅಲ್ಲ, ವರ್ಷಗಟ್ಟಲೆ ಕಟ್ಟಿದ ಮಾಡೆಲ್ಲೇ ಹೋಗುತ್ತೆ. ಹಾಕದೇ ಹೋದ್ರೆ, ಮೊದಲು ತಗೊಂಡು ಆಮೇಲೆ ಅಳಿಸೋದೇ ಅವಕ್ಕೆ ಲಾಭ.